ಸ್ಕೂಟರಿನ ಮುಂದಿನ ಡಿಸ್ಕ್‌ಗೆ ಬೇರೆ ಕ್ಯಾಲಿಪರ್ ಹಾಕುವ ಮುನ್ನ, ಹಾಕುವಾಗ, ಹಾಕಿದ ಮೇಲೆ

ಮುಂದಿನ ಬ್ರೇಕ್ ಎಷ್ಟು ಹಿಡಿದರೂ ಗಾಡಿ ನಿಲ್ಲುತ್ತಿಲ್ಲ ಅನ್ನಿಸಿದ ಕೂಡಲೇ ಹೊಸ ಕ್ಯಾಲಿಪರ್ (ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಭಾಗ) ಆರ್ಡರ್ ಮಾಡಬೇಡಿ. ಕಲಬುರಗಿ ಸುತ್ತ ಓಡುವ ಸ್ಕೂಟರುಗಳಲ್ಲಿ ಬಹಳ ಸಲ ದೋಷ ಕ್ಯಾಲಿಪರಿನ ಗಾತ್ರದಲ್ಲಿ ಇರುವುದೇ ಇಲ್ಲ. ಶಹಾಬಾದ್ ಕಲ್ಲಿನ ಪುಡಿ, ವಾಡಿ, ಸೇಡಂ ಕಡೆಯ ಸಿಮೆಂಟ್ ಧೂಳು, ಮಳೆಗಾಲದ ಎರೆಮಣ್ಣು ಎಲ್ಲ ಕ್ಯಾಲಿಪರ್ ಜಾರುವ ಸ್ಲೈಡ್ ಪಿನ್ನಿನ ರಬ್ಬರ್ ಬೂಟು ದಾಟಿ ಒಳಗೆ ಸೇರುತ್ತವೆ. ಪಿನ್ ಜಾಮ್ ಆದರೆ ಎರಡು ಪ್ಯಾಡಿನಲ್ಲಿ ಒಂದೇ ಕೆಲಸ ಮಾಡುತ್ತದೆ. ಪ್ಯಾಡ್ ಬಿಚ್ಚಿ ನೋಡಿ: ಒಂದು ಸವೆದು ತಗಡಿಗೆ ಹತ್ತಿರ ಬಂದಿದ್ದು, ಇನ್ನೊಂದು ಅರ್ಧಕ್ಕರ್ಧ ಉಳಿದಿದ್ದರೆ ನಿಮ್ಮ ರೋಗ ಅದೇ. ಪಿನ್ ತೊಳೆದು, ಸಿಲಿಕೋನ್ ಗ್ರೀಸ್ ಹಚ್ಚಿ, ಹೊಸ ಪ್ಯಾಡ್ ಹಾಕಿ, ಹಳೇ ಬ್ರೇಕ್ ಆಯಿಲ್ ತೆಗೆದು ಡಾಟ್ 4 ತುಂಬಿ ಒಂದು ವಾರ ಓಡಿಸಿ. ಅರ್ಧಕ್ಕಿಂತ ಹೆಚ್ಚು ಜನರ ಆಸೆ ಅಲ್ಲಿಗೇ ತೀರುತ್ತದೆ.

ಅದಾದ ಮೇಲೂ ಬೇರೆ ಕ್ಯಾಲಿಪರ್ ಬೇಕೇ ಬೇಕು ಅನ್ನುವವರಿಗೆ ಈ ಬರಹ. ಇಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ: ಕ್ಯಾಲಿಪರ್ ಒಂದೇ ಬ್ರೇಕ್ ಅಲ್ಲ. ಲಿವರ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರಿಗೆ ಅದು ಹೊಂದಬೇಕು, ಡಿಸ್ಕಿನ ಮೇಲೆ ನೇರ ಕೂರಬೇಕು, ಫೋರ್ಕಿಗೆ ಜೋಡಿಸುವ ಬ್ರ್ಯಾಕೆಟ್ ಅದನ್ನು ಗಟ್ಟಿಯಾಗಿ ಹಿಡಿದಿರಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಕಂಪನಿ ಬ್ರೇಕೇ ಮೇಲು.

ಯಾವ ಗಾಡಿಗೆ ಕೈ ಹಾಕಬಾರದು

ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಸ್ಕೂಟರ್ ಬಿಟ್ಟುಬಿಡಿ. ಅದರ ಯೂನಿಟ್ಟು ಕಂಪನಿ ಕ್ಯಾಲಿಪರ್ ಎಷ್ಟು ಆಯಿಲ್ ನುಂಗುತ್ತದೆ ಎಂಬ ಅಂದಾಜಿನ ಮೇಲೆ ಒತ್ತಡ ಬಿಟ್ಟು ಹಿಡಿಯುವುದು. ಪಿಸ್ಟನ್ ಅಳತೆ ಬದಲಾದರೆ ಆ ಅಂದಾಜು ಕೆಡುತ್ತದೆ. 2019ರ ಏಪ್ರಿಲ್‌ನಿಂದ 125 ಸಿಸಿವರೆಗಿನ ಗಾಡಿಗಳಿಗೆ ಸಿಬಿಎಸ್ (ಒಂದು ಲಿವರ್ ಹಿಡಿದರೆ ಎರಡೂ ಬ್ರೇಕ್ ಹಿಡಿಯುವ ವ್ಯವಸ್ಥೆ) ಇಲ್ಲವೇ ಎಬಿಎಸ್ ಕಡ್ಡಾಯವಾಯಿತು. ಆದ್ದರಿಂದ ಆಮೇಲಿನ ಸಿಬಿಎಸ್ ಗಾಡಿಯ ಎಡಗೈ ಲಿವರ್ ಹಿಡಿದಾಗ ಮುಂದಿನ ಬ್ರೇಕೂ ಸ್ವಲ್ಪ ಹಿಡಿಯುತ್ತದೆ. ಅದು ಕೇಬಲ್ ಮೂಲಕ ಬಲಗಡೆಯ ಮಾಸ್ಟರ್ ಸಿಲಿಂಡರನ್ನೇ ಒತ್ತುವ ಮಾದರಿಯಾದರೆ ಕ್ಯಾಲಿಪರ್ ಬದಲಿಸಬಹುದು, ಕೊನೆಯಲ್ಲಿ ಕೇಬಲ್ ಸಡಿಲು ಮತ್ತೆ ಹೊಂದಿಸಬೇಕು. ಕ್ಯಾಲಿಪರಿಗೆ ಎರಡು ಆಯಿಲ್ ಪೈಪ್ ಬಂದಿದ್ದು, ಒಂದು ಪಿಸ್ಟನ್ ಬರೀ ಸಿಬಿಎಸ್‌ಗೆ ಮೀಸಲಾಗಿದ್ದರೆ ಮುಟ್ಟಬೇಡಿ.

ಮುಂದೆ ಡ್ರಮ್ ಇರುವ ಗಾಡಿಗೆ ಡಿಸ್ಕ್ ಹಾಕುವುದು ಬೇರೆಯೇ ಕೆಲಸ. ಫೋರ್ಕ್, ಚಕ್ರ, ಮಾಸ್ಟರ್ ಸಿಲಿಂಡರ್ ಎಲ್ಲ ಬದಲಾಗಬೇಕು. ಈ ಬರಹ ಅದಕ್ಕಲ್ಲ.

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಮಾರ್ಪಡಿಸುವಂತಿಲ್ಲ. ಅಪಘಾತವಾದಾಗ ವಿಮೆಯವರು ಕೇಳುವ ಮೊದಲ ಪ್ರಶ್ನೆಗಳಲ್ಲಿ ಇದೂ ಒಂದಾಗಬಹುದು. ಇದನ್ನು ತಿಳಿದೇ ಮುಂದುವರಿಯಿರಿ. ಅದೇ ಮಾಡೆಲಿನ ಮೇಲಿನ ವೇರಿಯಂಟಿಗೆ ಬರುವ ಕಂಪನಿ ಕ್ಯಾಲಿಪರ್ ನಿಮ್ಮ ಫೋರ್ಕಿಗೆ ನೇರ ಕೂರುತ್ತದೆಯಾದರೆ ಎಲ್ಲಕ್ಕಿಂತ ಒಳ್ಳೆಯ ದಾರಿ ಅದೇ. ಬ್ರ್ಯಾಕೆಟ್ಟಿನ ತಲೆನೋವೇ ಇರುವುದಿಲ್ಲ.

ಮೊದಲು ಲೆಕ್ಕ

ಮಾಸ್ಟರ್ ಸಿಲಿಂಡರಿನ ಮೈಮೇಲೆ ಎರಕದಲ್ಲೇ ಒಂದು ಅಂಕಿ ಇರುತ್ತದೆ: 11, 14, ಅಥವಾ 1/2 ಎಂದು. ಅದು ಒಳಗಿನ ಪಿಸ್ಟನ್ನಿನ ವ್ಯಾಸ. 1/2 ಅಂದರೆ ಅರ್ಧ ಇಂಚು, 12.7 ಮಿ.ಮೀ. ವ್ಯಾಸದಿಂದ ವಿಸ್ತೀರ್ಣ ತೆಗೆದರೆ 11ಕ್ಕೆ 95 ಚದರ ಮಿ.ಮೀ., 12.7ಕ್ಕೆ 127, 14ಕ್ಕೆ 154. ಕ್ಯಾಲಿಪರ್ ಪಿಸ್ಟನ್ನಿಗೂ ಹೀಗೇ ಲೆಕ್ಕ ಮಾಡಿ, ಅದನ್ನು ಮಾಸ್ಟರಿನ ವಿಸ್ತೀರ್ಣದಿಂದ ಭಾಗಿಸಿ. ಬರುವ ಅಂಕಿ, ಅಂದರೆ ಅನುಪಾತವೇ, ನಿಮ್ಮ ಬ್ರೇಕಿನ ಗುಣ.

ಕೂಡಿಸುವಾಗ ಒಂದು ಪಕ್ಕದ ಪಿಸ್ಟನ್ ಮಾತ್ರ ಕೂಡಿಸಬೇಕು. ಪಿನ್ ಮೇಲೆ ಜಾರುವ ಫ್ಲೋಟಿಂಗ್ ಕ್ಯಾಲಿಪರಿನಲ್ಲಿ ಪಿಸ್ಟನ್ ಇರುವುದೇ ಒಂದು ಪಕ್ಕ. ಅದು ಈ ಪ್ಯಾಡನ್ನು ತಳ್ಳಿದಾಗ ಬಾಡಿ ಹಿಂದೆ ಸರಿದು ಆಚೆ ಪ್ಯಾಡನ್ನು ಅಷ್ಟೇ ಬಲದಿಂದ ಎಳೆಯುತ್ತದೆ. ಎರಡೂ ಕಡೆ ಪಿಸ್ಟನ್ ಇರುವ ಫಿಕ್ಸೆಡ್ ಕ್ಯಾಲಿಪರಿನಲ್ಲಿ ಎದುರಿನ ಪಿಸ್ಟನ್ನುಗಳು ಆ ಎಳೆತದ ಕೆಲಸವನ್ನಷ್ಟೇ ಮಾಡುತ್ತವೆ. "ನಾಕು ಪಿಸ್ಟನ್ ಅದ, ನಾಕು ಪಟ್ಟು ಬ್ರೇಕ್" ಎಂಬ ಅಂಗಡಿ ಮಾತು ಇಲ್ಲೇ ಬಿದ್ದುಹೋಗುತ್ತದೆ.

ಉದಾಹರಣೆಗೆ 32 ಮಿ.ಮೀ. ಪಿಸ್ಟನ್ ಒಂದೇ ಇರುವ ಫ್ಲೋಟಿಂಗ್ ಕ್ಯಾಲಿಪರ್ ತೆಗೆದುಕೊಳ್ಳಿ. ವಿಸ್ತೀರ್ಣ 804. ಮಾಸ್ಟರ್ 11 ಆದರೆ ಅನುಪಾತ 8.5. ಇದರ ಜಾಗಕ್ಕೆ 26 ಮಿ.ಮೀ. ಪಿಸ್ಟನ್ ಎರಡು ಇರುವ ಫ್ಲೋಟಿಂಗ್ ಹಾಕಿದರೆ 1062, ಅನುಪಾತ 11.2. ಬೆರಳಿಗೆ ಕಡಿಮೆ ಬಲ ಸಾಕು, ಲಿವರ್ ಸ್ವಲ್ಪ ಹೆಚ್ಚು ಒಳಗೆ ಬರುತ್ತದೆ, ಮಾಸ್ಟರ್ ಬದಲಿಸದೆ ನಡೆಯುತ್ತದೆ. ಇನ್ನು ಆನ್‌ಲೈನಿನಲ್ಲಿ ಸಿಗುವ, ಒಂದು ಪಕ್ಕಕ್ಕೆ 30 ಮತ್ತು 34 ಮಿ.ಮೀ. ಇರುವ ನಾಲ್ಕು ಪಿಸ್ಟನ್ನಿನದು ನೋಡಿ: 1615. ಅದೇ 11ರ ಮಾಸ್ಟರಿಗೆ ಅನುಪಾತ 17. ಲಿವರ್ ಹ್ಯಾಂಡಲ್ ಗ್ರಿಪ್ಪಿಗೆ ತಾಗುತ್ತದೆ, ಆದರೂ ಗಾಡಿ ಪೂರ್ತಿ ಹಿಡಿಯುವುದಿಲ್ಲ. ಏರ್ ಉಳಿದಿದೆ ಎಂದು ಜನ ದಿನವಿಡೀ ಬ್ಲೀಡ್ ಮಾಡುತ್ತಾ (ಏರ್ ತೆಗೆಯುತ್ತಾ) ಕೂರುತ್ತಾರೆ. ಅದು ಏರ್ ಅಲ್ಲ, ಲೆಕ್ಕ. ಅದಕ್ಕೆ 14ರ ಮಾಸ್ಟರ್ ಹಾಕಿದರೆ 10.5ಕ್ಕೆ ಇಳಿಯುತ್ತದೆ.

ಸಣ್ಣ ಚಕ್ರದ ಸ್ಕೂಟರಿಗೆ 9ರಿಂದ 11ರ ಆಸುಪಾಸು ಒಳ್ಳೆಯದು. 12 ಇಂಚಿನ ಚಕ್ರ, ತೆಳು ಫೋರ್ಕು, ಸಣ್ಣ ಟೈರು. ಬೆರಳು ತಾಗಿಸಿದರೆ ಕಚ್ಚುವ ಬ್ರೇಕ್ ಇದ್ದರೆ ಮಳೆಯಲ್ಲಿ ಕಲ್ಲುಪುಡಿ ರಾಡಿಯಾದ ರಸ್ತೆ ಮೇಲೆ ಮುಂದಿನ ಚಕ್ರ ಲಾಕ್ ಆಗಿ ಗಾಡಿ ಕ್ಷಣದಲ್ಲಿ ಮಲಗುತ್ತದೆ. ಒತ್ತಿದಷ್ಟು ಹಿಡಿಯುವ ಬ್ರೇಕ್ ಬೇಕು, ಒಮ್ಮೆಲೇ ಹಿಡಿಯುವುದಲ್ಲ.

ಕೊಳ್ಳುವಾಗ

ಕ್ಯಾಲಿಪರ್ ಫೋರ್ಕಿಗೆ ಕೂತಾಗ ಬ್ಲೀಡ್ ನಿಪ್ಪಲ್ (ಗಾಳಿ ಹೊರಬಿಡುವ ಟೊಳ್ಳು ಸ್ಕ್ರೂ) ಮೇಲ್ತುದಿಯಲ್ಲಿ ಬರಬೇಕು. ಗಾಳಿ ಮೇಲೇರುತ್ತದೆ, ನಿಪ್ಪಲ್ ಕೆಳಗಿದ್ದರೆ ಅದು ಹೊರಬರಲು ದಾರಿಯಿಲ್ಲ. ಕೆಲವು ಸ್ಕೂಟರಿನಲ್ಲಿ ಡಿಸ್ಕ್ ಎಡಗಡೆ, ಕೆಲವಲ್ಲಿ ಬಲಗಡೆ. ಕ್ಯಾಲಿಪರ್ ಫೋರ್ಕಿನ ಹಿಂದಿದೆಯೋ ಮುಂದಿದೆಯೋ ಅದೂ ಬೇರೆ ಬೇರೆ. ಆದ್ದರಿಂದ "ಲೆಫ್ಟ್", "ರೈಟ್" ಎಂಬ ಚೀಟಿ ನಂಬದೆ ಫೋಟೋ ಹಿಡಿದು ನಿಮ್ಮ ಫೋರ್ಕಿನ ಪಕ್ಕ ಇಟ್ಟು ನೋಡಿ.

ಬೋಲ್ಟ್ ತೂತುಗಳ ನಡುವಿನ ದೂರ ಕೇಳಿ. ಪಕ್ಕದಿಂದ ಕೂರುವವುಗಳಲ್ಲಿ 40 ಮತ್ತು 84 ಮಿ.ಮೀ., ರೇಡಿಯಲ್ ಮಾದರಿಯಲ್ಲಿ 100 ಮಿ.ಮೀ. ಸಾಮಾನ್ಯ. ಆಯಿಲ್ ಪೈಪನ್ನು ಕ್ಯಾಲಿಪರಿಗೆ ಕಟ್ಟುವ ಬ್ಯಾಂಜೊ ಬೋಲ್ಟಿನ ಹಲ್ಲು ಯಾವುದು ಎಂಬುದನ್ನೂ ಕೇಳಿ. ಎರಡು ಬಗೆ ಇವೆ: ಎರಡೂ 10 ಮಿ.ಮೀ. ದಪ್ಪವೇ ಆದರೂ ಒಂದಕ್ಕೆ ಪಿಚ್ (ಹಲ್ಲಿನಿಂದ ಹಲ್ಲಿಗೆ ಇರುವ ಅಂತರ) 1.0, ಇನ್ನೊಂದಕ್ಕೆ 1.25. ಜಪಾನಿ ಮೂಲದವಕ್ಕೆ 1.25, ಬ್ರೆಂಬೊ ಮತ್ತು ಅದರದೇ ಬೈಬ್ರೆ ಮಾದರಿಗೆ ಸಾಮಾನ್ಯವಾಗಿ 1.0.

ದೊಡ್ಡ ಹೆಸರು ಒತ್ತಿದ ನಕಲು ಮಾಲು ಮಾರುಕಟ್ಟೆಯಲ್ಲಿ ಬೇಕಾದಷ್ಟಿದೆ. ಕೈಗೆ ಬಂದಾಗ ಪಿಸ್ಟನ್ನನ್ನು ಹೆಬ್ಬೆರಳಿನಿಂದ ಒತ್ತಿ: ಎಲ್ಲ ಪಿಸ್ಟನ್ನೂ ಒಂದೇ ಬಿಗಿಯಲ್ಲಿ, ಓರೆಯಾಗದೆ ಒಳಹೋಗಬೇಕು. ಬ್ಯಾಂಜೊ ಕೂರುವ ಮುಖ ಕನ್ನಡಿಯ ಹಾಗೆ ಸಪಾಟಾಗಿರಬೇಕು. ಅಲ್ಲಿ ಎರಕದ ಗುಳಿ, ಗೀರು ಕಂಡರೆ ವಾಪಸು ಕಳಿಸಿ, ಯಾವ ವಾಷರೂ ಆ ಸೋರಿಕೆ ನಿಲ್ಲಿಸದು. ಅದರ ಪ್ಯಾಡ್ ಮತ್ತು ಸೀಲ್ ಕಿಟ್ ಕಲಬುರಗಿಯಲ್ಲಿ ಸಿಗದಿದ್ದರೂ ಹೈದರಾಬಾದ್, ಸೊಲ್ಲಾಪುರದಲ್ಲಾದರೂ ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಿ.

ಅಳತೆ

ವರ್ನಿಯರ್ ಕೈಯಲ್ಲಿ ಹಿಡಿದು ಇಷ್ಟನ್ನು ಬರೆದುಕೊಳ್ಳಿ: ಡಿಸ್ಕಿನ ವ್ಯಾಸ, ಅದರ ದಪ್ಪ, ಪ್ಯಾಡ್ ಉಜ್ಜುವ ಪಟ್ಟಿಯ ಅಗಲ, ಕ್ಯಾಲಿಪರ್ ಕಟ್ಟುವ ಫೋರ್ಕಿನ ಕಿವಿಗಳ ತೂತಿನ ದೂರ, ಕಿವಿಯ ಮುಖದಿಂದ ಡಿಸ್ಕಿನ ನಡುವಿನವರೆಗಿನ ಅಂತರ, ಡಿಸ್ಕಿನ ಅಂಚಿನಿಂದ ರಿಮ್ಮಿನ ಒಳಮೈವರೆಗಿನ ಜಾಗ. ಡಿಸ್ಕಿನ ಮೇಲೆಯೇ ಕನಿಷ್ಠ ದಪ್ಪ ಕೊರೆದಿರುತ್ತದೆ. ಅದರ ಹತ್ತಿರ ಬಂದಿದ್ದರೆ ಮೊದಲು ಡಿಸ್ಕ್ ಬದಲಿಸಿ.

ರಿಮ್ಮಿನ ಒಳಗಿನ ಜಾಗವೇ ಸ್ಕೂಟರಿನಲ್ಲಿ ದೊಡ್ಡ ಅಡ್ಡಿ. 12 ಇಂಚಿನ ರಿಮ್ಮಿನಲ್ಲಿ 220 ಮಿ.ಮೀ. ಡಿಸ್ಕ್ ಇದ್ದರೆ ಮೇಲೆ ಉಳಿಯುವುದು ಬೆರಳೆರಡರಷ್ಟು ಜಾಗ. ಕ್ಯಾಲಿಪರಿನ ಬೆನ್ನು ಮತ್ತು ರಿಮ್ಮಿನ ನಡುವೆ ಕನಿಷ್ಠ 3 ಮಿ.ಮೀ. ಬೇಕು. ಜನ ಮರೆಯುವ ಎರಡು ವಸ್ತು: ಟ್ಯೂಬ್‌ಲೆಸ್ ವಾಲ್ವಿನ ಕಡ್ಡಿ, ಮತ್ತು ಬ್ಯಾಲೆನ್ಸಿಂಗಿಗೆ ರಿಮ್ಮಿನ ಒಳಗೆ ಅಂಟಿಸಿದ ತೂಕದ ತುಂಡು. ಕ್ಯಾಲಿಪರ್ ವಾಲ್ವಿಗೆ ಬಡಿದರೆ ಅದು ಕಿತ್ತುಬಂದು ಓಡುವಾಗಲೇ ಗಾಳಿ ಇಳಿಯುತ್ತದೆ.

ದಪ್ಪ ರಟ್ಟಿನಲ್ಲಿ ಬ್ರ್ಯಾಕೆಟ್ಟಿನ ಆಕಾರ ಕತ್ತರಿಸಿ, ಕ್ಯಾಲಿಪರನ್ನು ಡಿಸ್ಕಿನ ಮೇಲೆ ಕೈಯಲ್ಲಿ ಹಿಡಿದು ತೂತು ಗುರುತಿಸಿ. ಪ್ಯಾಡಿನ ಮೇಲಂಚು ಡಿಸ್ಕಿನ ಹೊರ ಅಂಚಿಗೆ ಸಮ, ಅಥವಾ ಒಂದು ಮಿ.ಮೀ. ಕೆಳಗಿರಲಿ. ಹೊರಚಾಚಿದರೆ ಪ್ಯಾಡಿನ ಚಾಚಿದ ಭಾಗ ಸವೆಯದೆ ತುಟಿ ಕಟ್ಟಿ, ಕೆಲ ತಿಂಗಳಲ್ಲಿ ಎರಡು ಪ್ಯಾಡಿನ ತುಟಿ ಒಂದಕ್ಕೊಂದು ತಾಗಿ ಬ್ರೇಕ್ ಹಿಡಿಯುವುದನ್ನೇ ತಡೆಯುತ್ತವೆ.

ಬ್ರ್ಯಾಕೆಟ್

ಇಡೀ ಕೆಲಸದಲ್ಲಿ ಜೀವಕ್ಕೆ ಕುತ್ತು ತರುವ ಭಾಗ ಇದು. ಇದರ ಮೇಲೆ ಎಷ್ಟು ಭಾರ ಬೀಳುತ್ತದೆ ಎಂದು ಅಂದಾಜು ಮಾಡಿ. ಇಬ್ಬರು ಕೂತ ಸ್ಕೂಟರ್ ಗಟ್ಟಿಯಾಗಿ ಬ್ರೇಕ್ ಹಿಡಿದಾಗ ಮುಂದಿನ ಟೈರ್ ರಸ್ತೆಯನ್ನು 1,200 ನ್ಯೂಟನ್ ಬಲದಿಂದ ಹಿಡಿಯಿತು ಅನ್ನೋಣ. ಟೈರಿನ ತ್ರಿಜ್ಯ ಸುಮಾರು 232 ಮಿ.ಮೀ., ಪ್ಯಾಡ್ ಹಿಡಿಯುವುದು ನಡುವಿನಿಂದ 95 ಮಿ.ಮೀ. ದೂರದಲ್ಲಿ. ಹಾಗಾಗಿ ಕ್ಯಾಲಿಪರಿನ ಮೇಲೆ ಬೀಳುವ ಬಲ ಸುಮಾರು 2,900 ನ್ಯೂಟನ್, ಅಂದರೆ ಹತ್ತಿರ ಹತ್ತಿರ 300 ಕೆ.ಜಿ. ತೂಕ. ಪ್ರತಿ ಸಿಗ್ನಲ್ಲಿನಲ್ಲೂ, ಪ್ರತಿ ಹಂಪಿನಲ್ಲೂ. ತಗಡು ಬಾಗಿಸಿ ಮಾಡಿದ ಪಟ್ಟಿ ಇದನ್ನು ತಡೆಯುವುದಿಲ್ಲ. ಮುರಿದಾಗ ಕ್ಯಾಲಿಪರ್ ಚಕ್ರದೊಳಗೆ ಸಿಕ್ಕಿ ಚಕ್ರವನ್ನೇ ನಿಲ್ಲಿಸುತ್ತದೆ.

ಕಪನೂರ ಇಂಡಸ್ಟ್ರಿಯಲ್ ಏರಿಯಾದ ಕಡೆ ಲೇತ್, ಮಿಲ್ಲಿಂಗ್ ಇರುವವರ ಹತ್ತಿರ ಹೋಗಿ. ಅಲ್ಯೂಮಿನಿಯಂ ಆದರೆ 6061-ಟಿ6 ದರ್ಜೆಯದು, 10 ಮಿ.ಮೀ. ದಪ್ಪ. ಆ ದರ್ಜೆ ಸಿಗದೆ ಹೋದರೆ ಗುಜರಿ ಅಲ್ಯೂಮಿನಿಯಂ ಬೇಡ, 8 ಮಿ.ಮೀ. ಎಂಎಸ್ (ಸಾದಾ ಉಕ್ಕಿನ) ಪ್ಲೇಟ್ ಹಾಕಿಸಿ. ತೂಕ ಸ್ವಲ್ಪ ಹೆಚ್ಚು, ನಂಬಿಕೆ ಬಹಳ ಹೆಚ್ಚು. ಮಿಸ್ತ್ರಿಗೆ ಬಾಯಿಮಾತಿನಲ್ಲಿ ಹೇಳದೆ ರಟ್ಟಿನ ಅಚ್ಚು, ಅಳತೆ ಬರೆದ ಚೀಟಿ, ಕ್ಯಾಲಿಪರ್ ಮೂರನ್ನೂ ಕೊಟ್ಟು ಹೀಗೆ ಹೇಳಿ: "ಮಿಸ್ತ್ರಿ, ಎಂ8 ಬೋಲ್ಟಿಗೆ ತೂತು 8.4 ಇರ್ಲಿ, 9 ಮಾಡಬ್ಯಾಡ್ರಿ. ಉದ್ದ ತೂತು ಬ್ಯಾಡ. ಎರಡೂ ಮುಖ ಪ್ಯಾರಲಲ್ ಇರಬೇಕ್ರಿ." ಉದ್ದ ತೂತು ಹೊಡೆದರೆ ಹೊಂದಿಸಲು ಸುಲಭ ನಿಜ, ಆದರೆ ಪ್ರತಿ ಬ್ರೇಕಿಗೂ ಬೋಲ್ಟ್ ಅದರೊಳಗೆ ಕೂದಲೆಳೆಯಷ್ಟು ಜಾರಿ ಕೊನೆಗೆ ಸಡಿಲಾಗುತ್ತದೆ.

ತೂತಿನ ನಡುವಿನಿಂದ ಪ್ಲೇಟಿನ ಅಂಚಿಗೆ ಬೋಲ್ಟ್ ದಪ್ಪದ ಒಂದೂವರೆ ಪಟ್ಟಾದರೂ ಲೋಹ ಉಳಿಯಲಿ; ಎಂ8ಕ್ಕೆ 12 ಮಿ.ಮೀ., ಎಂ10ಕ್ಕೆ 15. ಒಳಮೂಲೆಗಳು ಚೂಪಾಗಿರದೆ ದುಂಡಗಿರಲಿ, ಬಿರುಕು ಹುಟ್ಟುವುದು ಮೂಲೆಯಲ್ಲೇ. ಅಲ್ಯೂಮಿನಿಯಂ ಪ್ಲೇಟಿಗೆ ಹಲ್ಲು ಹೊಡೆಸಿ ಬೋಲ್ಟ್ ಕಟ್ಟುವುದಾದರೆ ಎಂ8ಕ್ಕೆ 12ರಿಂದ 16 ಮಿ.ಮೀ. ಹಲ್ಲು ಬೇಕು, 10 ಮಿ.ಮೀ. ಪ್ಲೇಟಿನಲ್ಲಿ ಅಷ್ಟು ಸಿಗದು. ಆದ್ದರಿಂದ ಆರಪಾರ ಬೋಲ್ಟ್ ಹಾಕಿ ಹಿಂದೆ ನೈಲಾಕ್ ನಟ್ (ಒಳಗೆ ನೈಲಾನ್ ಉಂಗುರವಿದ್ದು ತಾನಾಗಿ ಸಡಿಲಾಗದ್ದು) ಕೊಡಿ, ಜಾಗವಿಲ್ಲದಿದ್ದರೆ ಸ್ಟೀಲ್ ಪ್ಲೇಟೇ ಸರಿ. ಬೋಲ್ಟಿನ ತಲೆ ಮೇಲೆ ಬಲದ ದರ್ಜೆ 10.9 ಎಂದು ಇರಬೇಕು, ಕಡಿಮೆ ಎಂದರೆ 8.8. ಹಾರ್ಡ್‌ವೇರ್ ಅಂಗಡಿಯ ಹೊಳೆಯುವ ಸ್ಟೇನ್‌ಲೆಸ್ ಬೋಲ್ಟ್ ಇಲ್ಲಿ ಬೇಡ.

ಫೋರ್ಕಿಗೆ ವೆಲ್ಡಿಂಗ್ ಎಂದಿಗೂ ಮಾಡಿಸಬೇಡಿ. ಎರಕದ ಅಲ್ಯೂಮಿನಿಯಂ ಬಿಸಿಗೆ ಗುಣ ಕಳೆದುಕೊಳ್ಳುತ್ತದೆ, ಒಳಗಿನ ಸೀಲೂ ಸುಡುತ್ತದೆ.

ಕೈಯಲ್ಲಿ ಏನೇನಿರಬೇಕು

8, 10, 12, 14ರ ಪಾನಾ ಮತ್ತು ಸಾಕೆಟ್, 5, 6, 8ರ ಅಲೆನ್ ಕೀ, 5ರಿಂದ 50 ನ್ಯೂಟನ್-ಮೀಟರ್ ತೋರುವ ಟಾರ್ಕ್ ರೆಂಚ್, ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿಗಳು). ಸೀಲ್ ಒಡೆಯದ ಡಾಟ್ 4 ಬಾಟಲಿ 250 ಮಿ.ಲೀ., ಒಳವ್ಯಾಸ 5 ಮಿ.ಮೀ. ಇರುವ ಪಾರದರ್ಶಕ ಪೈಪ್ ಅರ್ಧ ಮೀಟರ್, 50 ಮಿ.ಲೀ. ಸಿರಿಂಜ್, 10 ಮಿ.ಮೀ. ತಾಮ್ರದ ಹೊಸ ವಾಷರ್ ನಾಲ್ಕು, ಮಧ್ಯಮ ಬಲದ ನೀಲಿ ಥ್ರೆಡ್‌ಲಾಕ್, ಸಿಲಿಕೋನ್ ಗ್ರೀಸ್, ಐಸೋಪ್ರೊಪೈಲ್ ಆಲ್ಕೋಹಾಲ್ ಅಥವಾ ಬ್ರೇಕ್ ಕ್ಲೀನರ್, ಹತ್ತಿ ಬಟ್ಟೆ, ಒಂದು ಬಕೆಟ್ ನೀರು. ನೀರು ಏಕೆಂದರೆ ಬ್ರೇಕ್ ಆಯಿಲ್ ಪೇಂಟನ್ನು ತಿನ್ನುತ್ತದೆ, ಚೆಲ್ಲಿದ ಕೂಡಲೇ ತೊಳೆದರೆ ಹೋಗುತ್ತದೆ.

ಪೆಟ್ರೋಲ್, ಸೀಮೆಎಣ್ಣೆ, ಡೀಸೆಲ್, ಎಂಜಿನ್ ಆಯಿಲ್, ಸಾದಾ ಗ್ರೀಸ್ ಇವನ್ನು ಕ್ಯಾಲಿಪರಿನ ಹತ್ತಿರ ಸುಳಿಯಲೂ ಬಿಡಬೇಡಿ. "ಪೆಟ್ರೋಲ್‌ನ್ಯಾಗ ಎದ್ದಿ ತೆಗದ್ರ ಸಾಫ್ ಆಗ್ತದ್ರಿ" ಎಂದು ಹೇಳುವವರಿರುತ್ತಾರೆ. ಬ್ರೇಕಿನ ಒಳಗಿನ ರಬ್ಬರ್ ಬ್ರೇಕ್ ಆಯಿಲ್ ತಡೆಯುವ ಜಾತಿಯದು. ಪೆಟ್ರೋಲಿಯಂ ತಾಗಿದರೆ ಉಬ್ಬುತ್ತದೆ. ಮೊದಲ ದಿನ ಏನೂ ಗೊತ್ತಾಗುವುದಿಲ್ಲ, ಆಮೇಲೆ ಪಿಸ್ಟನ್ ಹಿಂದೆ ಸರಿಯದೆ ಚಕ್ರ ಹಿಡಿದುಕೊಳ್ಳುತ್ತದೆ.

ಹಳೆಯದನ್ನು ಬಿಚ್ಚುವುದು

ಗಾಡಿ ಸೆಂಟರ್ ಸ್ಟ್ಯಾಂಡಿಗೆ ಹಾಕಿ, ಚಕ್ರದ ಸುತ್ತ ತೊಳೆದು ಒಣಗಿಸಿ. ಬಹಳ ಸ್ಕೂಟರುಗಳಲ್ಲಿ ಆಯಿಲ್ ಡಬ್ಬಿ ಹ್ಯಾಂಡಲಿನ ಪ್ಲಾಸ್ಟಿಕ್ ಕವರಿನೊಳಗೆ ಅರ್ಧ ಮುಚ್ಚಿರುತ್ತದೆ. ಕವರ್ ಬಿಚ್ಚಿಬಿಡಿ, ಸಂದಿಯಲ್ಲೇ ಕೈ ಹಾಕಿ ಕೆಲಸ ಮಾಡಿದರೆ ಆಯಿಲ್ ಸ್ವಿಚ್ಚಿನೊಳಗೆ ಇಳಿಯುತ್ತದೆ. ಮುಚ್ಚಳದ ಸ್ಕ್ರೂಗಳ ತಲೆ ಬೇಗ ಕೆಡುತ್ತವೆ. ಅಳತೆಗೆ ಸರಿಯಾದ ಬಿಟ್ ಇಟ್ಟು ಸುತ್ತಿಗೆಯಿಂದ ಮೆಲ್ಲಗೆ ಒಂದೆರಡು ಏಟು ಕೊಟ್ಟು ಆಮೇಲೆ ತಿರುಗಿಸಿ.

ಕ್ಯಾಲಿಪರ್ ಇನ್ನೂ ಫೋರ್ಕಿಗೆ ಕೂತಿರುವಾಗಲೇ ಬ್ಯಾಂಜೊ ಬೋಲ್ಟನ್ನು ಕಾಲು ಸುತ್ತು ಸಡಿಲಿಸಿ ಮತ್ತೆ ಹಗುರಾಗಿ ಬಿಗಿ ಮಾಡಿ. ಕೆಳಗಿಳಿಸಿದ ಮೇಲೆ ಅದನ್ನು ಹಿಡಿದು ಬಿಚ್ಚುವುದು ಕಷ್ಟ. ನಂತರ ನಿಪ್ಪಲಿಗೆ ಪೈಪ್ ಹಾಕಿ ಹಳೇ ಆಯಿಲ್ ಖಾಲಿ ಮಾಡಿ, ಬ್ಯಾಂಜೊ ಬಿಚ್ಚಿ, ಪೈಪಿನ ತುದಿಗೆ ಪ್ಲಾಸ್ಟಿಕ್ ಸುತ್ತಿ ಮೇಲಕ್ಕೆ ಕಟ್ಟಿ. ಆಮೇಲೆ ಮೌಂಟಿಂಗ್ ಬೋಲ್ಟ್. ಎಲ್ಲ ಬಿಚ್ಚಿದ ಮೇಲೆ ಲಿವರ್ ಒತ್ತಬಾರದು.

ಆಯಿಲ್ ಇಲ್ಲದೆ ಕೂರಿಸಿ ನೋಡುವುದು

ಮೊದಲು ಪ್ಯಾಡ್ ಇಲ್ಲದೆ ಬ್ರ್ಯಾಕೆಟ್ ಮತ್ತು ಕ್ಯಾಲಿಪರ್ ಕಟ್ಟಿ. ಡಿಸ್ಕಿನ ಎರಡೂ ಕಡೆ ಬಾಡಿಗೂ ಡಿಸ್ಕಿಗೂ ಇರುವ ಸಂದನ್ನು ಫೀಲರ್ ಗೇಜಿನಿಂದ ಅಳೆಯಿರಿ. ಫಿಕ್ಸೆಡ್ ಕ್ಯಾಲಿಪರಿನಲ್ಲಿ ಎರಡೂ ಪಕ್ಕದ ವ್ಯತ್ಯಾಸ ಅರ್ಧ ಮಿ.ಮೀ. ಒಳಗಿರಬೇಕು. ಫ್ಲೋಟಿಂಗ್ ತಾನೇ ಸರಿದುಕೊಳ್ಳುವುದರಿಂದ ಒಂದೆರಡು ಮಿ.ಮೀ. ಸಹಿಸುತ್ತದೆ, ಅದಕ್ಕೇ ಸ್ಕೂಟರಿಗೆ ಫ್ಲೋಟಿಂಗ್ ಸಲೀಸು. ವ್ಯತ್ಯಾಸ ಸರಿಪಡಿಸಲು ನಾಲ್ಕೈದು ವಾಷರ್ ಪೇರಿಸಬೇಡಿ. ಬೇಕಾದ ದಪ್ಪದ ಒಂದೇ ಸ್ಪೇಸರ್ ಲೇತಿನಲ್ಲಿ ಮಾಡಿಸಿ.

ರಿಮ್ಮಿಗೆ ತಾಗುತ್ತದೋ ಎಂದು ಕಣ್ಣಂದಾಜು ಸಾಲದು. ಗಟ್ಟಿಯಾಗಿ ಕಲೆಸಿದ ಗೋಧಿ ಹಿಟ್ಟಿನ ಸಣ್ಣ ಉಂಡೆಯನ್ನು ಕ್ಯಾಲಿಪರಿನ ಬೆನ್ನಿಗೆ ಮೆತ್ತಿ ಚಕ್ರವನ್ನು ಕೈಯಿಂದ ಮೆಲ್ಲಗೆ ಒಂದು ಸುತ್ತು ತಿರುಗಿಸಿ. ಹಿಟ್ಟು ಎಷ್ಟು ತೆಳ್ಳಗಾಯಿತೋ ಅದೇ ನಿಮ್ಮ ಸಂದು. ವಾಲ್ವು ಬರುವ ಜಾಗದಲ್ಲಿ ಅದರ ಗೀರು ಹಿಟ್ಟಿನ ಮೇಲೆ ಸ್ಪಷ್ಟವಾಗಿ ಮೂಡುತ್ತದೆ. ಆಮೇಲೆ ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ, ಫೋರ್ಕ್ ಒತ್ತಿ ಬಿಟ್ಟು, ಮಡ್‌ಗಾರ್ಡಿಗೆ ಏನೂ ತಾಗದು ಎಂದು ಖಾತ್ರಿ ಮಾಡಿಕೊಳ್ಳಿ.

ಸರಿ ಕಂಡರೆ ಬಿಚ್ಚಿ, ಹಲ್ಲುಗಳ ಎಣ್ಣೆ ಒರೆಸಿ, ಎರಡು ಹನಿ ಥ್ರೆಡ್‌ಲಾಕ್ ಹಾಕಿ ಕೊನೆಯ ಬಾರಿ ಕಟ್ಟಿ. ಮೌಂಟಿಂಗ್ ಬೋಲ್ಟ್ ಎಂ8 ಆದರೆ 25ರಿಂದ 30 ನ್ಯೂಟನ್-ಮೀಟರ್, ಎಂ10 ಆದರೆ 35ರಿಂದ 45. ಕ್ಯಾಲಿಪರಿನ ಜೊತೆ ಬಂದ ಹಾಳೆಯಲ್ಲಿ ಬೇರೆ ಅಂಕಿ ಇದ್ದರೆ ಅದೇ ಅಂತಿಮ. ಪ್ಯಾಡ್ ಹಾಕುವಾಗ ತಗಡಿನ ಸ್ಪ್ರಿಂಗ್ ಮರೆಯಬೇಡಿ, ಪ್ಯಾಡ್ ಮುಖಕ್ಕೆ ಬೆರಳು ತಾಗಿಸಬೇಡಿ. ಡಿಸ್ಕನ್ನು ಆಲ್ಕೋಹಾಲಿನಿಂದ ಒರೆಸಿ.

ಪೈಪ್ ಮತ್ತು ಬ್ಯಾಂಜೊ

ಬ್ಯಾಂಜೊ ಬೋಲ್ಟನ್ನು ಮೊದಲು ಬರೀ ಬೆರಳಿನಿಂದ ಹಾಕಿ. ಹಲ್ಲು ಸರಿಯಿದ್ದರೆ ನಾಲ್ಕೈದು ಸುತ್ತು ಸಲೀಸಾಗಿ ಹೋಗುತ್ತದೆ. ಎರಡನೇ ಸುತ್ತಿಗೇ ಬಿಗಿಯಾದರೆ ಪಿಚ್ ಬೇರೆ. ಅಲ್ಲಿ ಪಾನಾ ಹಾಕಿ ತಿರುಗಿಸಿದರೆ ತಿರುಗುತ್ತದೆ ಕೂಡ, ಅಲ್ಯೂಮಿನಿಯಂ ಹಲ್ಲು ಕಿತ್ತು ಪುಡಿ ಬರುತ್ತದೆ, ಕ್ಯಾಲಿಪರ್ ಗುಜರಿಗೆ. ಬೋಲ್ಟಿನ ಉದ್ದವನ್ನೂ ನೋಡಿ: ವಾಷರ್ ಸಮೇತ ಹಾಕಿದಾಗ ಬೋಲ್ಟಿನ ತುದಿ ತೂತಿನ ತಳಕ್ಕೆ ಮೊದಲೇ ತಾಗಿದರೆ ಬಿಗಿ ಬಂದಂತೆ ಅನ್ನಿಸುತ್ತದೆ, ವಾಷರ್ ಮಾತ್ರ ಒತ್ತಿಕೊಂಡಿರುವುದಿಲ್ಲ.

ಪೈಪಿನ ಕಣ್ಣಿನ ಎರಡೂ ಕಡೆ ಒಂದೊಂದು ಹೊಸ ತಾಮ್ರದ ವಾಷರ್. ಹಳೆಯದನ್ನು ಮತ್ತೆ ಬಳಸಬೇಡಿ, ಅದು ಒಮ್ಮೆ ನಜ್ಜಿ ತನ್ನ ಕೆಲಸ ಮುಗಿಸಿದೆ. ಸ್ಟೀಲ್ ಬೋಲ್ಟಿಗೆ 25ರಿಂದ 30 ನ್ಯೂಟನ್-ಮೀಟರ್. ಬಣ್ಣದ ಅಲ್ಯೂಮಿನಿಯಂ ಬೋಲ್ಟ್ ಈ ಬಿಗಿ ತಡೆಯದು, ಅದನ್ನು ಹಾಕದಿರುವುದೇ ಒಳ್ಳೆಯದು. ಪೈಪ್ ತಿರುಚಿರಬಾರದು, ಫೋರ್ಕ್ ಪೂರ್ತಿ ಇಳಿದಾಗ ಬಿಗಿಯಬಾರದು, ಮೇಲೇರಿದಾಗ ಟೈರಿಗೆ ತಾಗಬಾರದು.

ಏರ್ ತೆಗೆಯುವುದು

ಹೊಸ ಕ್ಯಾಲಿಪರ್ ಪೂರ್ತಿ ಗಾಳಿಯಿಂದ ತುಂಬಿರುತ್ತದೆ. ಲಿವರ್ ಬಡಿದು ಮೇಲಿನಿಂದ ಆಯಿಲ್ ಇಳಿಸುವುದಕ್ಕಿಂತ ಕೆಳಗಿನಿಂದ ತಳ್ಳುವುದು ಜಾಣತನ. ಸಿರಿಂಜಿಗೆ ಹೊಸ ಡಾಟ್ 4 ತುಂಬಿ, ಪೈಪಿನಲ್ಲಿ ಗುಳ್ಳೆ ಉಳಿಯದಂತೆ ತುದಿವರೆಗೆ ತಂದು ನಿಪ್ಪಲಿಗೆ ಸಿಕ್ಕಿಸಿ. ನಿಪ್ಪಲ್ ಅರ್ಧ ಸುತ್ತು ಬಿಚ್ಚಿ, ನಿಧಾನವಾಗಿ ಒತ್ತಿ. ಆಯಿಲ್ ಕ್ಯಾಲಿಪರ್ ತುಂಬಿ, ಪೈಪ್ ಹತ್ತಿ, ಮಾಸ್ಟರಿನ ಡಬ್ಬಿಯ ತಳದ ಸಣ್ಣ ತೂತಿನಿಂದ ಗುಳ್ಳೆಗಳ ಸಮೇತ ಉಕ್ಕುತ್ತದೆ. ಡಬ್ಬಿ ತುಂಬಿ ಹರಿಯದಂತೆ ಇನ್ನೊಬ್ಬರು ಮೇಲೆ ಕಣ್ಣಿಟ್ಟು ಹೆಚ್ಚಾದದ್ದನ್ನು ಹೀರಿ ತೆಗೆಯಲಿ. ನಿಪ್ಪಲ್ ಮುಚ್ಚಿ.

ಈಗ ಮಾಮೂಲು ವಿಧಾನ. ಲಿವರ್ ನಿಧಾನವಾಗಿ ಮೂರ್ನಾಲ್ಕು ಸಲ ಒತ್ತಿ, ಒತ್ತಿ ಹಿಡಿದು, ನಿಪ್ಪಲ್ ಕಾಲು ಸುತ್ತು ಬಿಚ್ಚಿ ಮುಚ್ಚಿ, ಆಮೇಲೆ ಲಿವರ್ ಬಿಡಿ. ಮುಚ್ಚುವ ಮೊದಲು ಬಿಟ್ಟರೆ ಹೊರಗಿನ ಗಾಳಿ ಒಳಗೆಳೆದುಕೊಳ್ಳುತ್ತದೆ. ಡಬ್ಬಿಯ ಆಯಿಲ್ ಕೆಳಗೆರೆಗಿಂತ ಇಳಿಯಬಾರದು. ಪೈಪಿನಲ್ಲಿ ಮೊದಲು ದೊಡ್ಡ ಗುಳ್ಳೆ, ಆಮೇಲೆ ಸಾಸಿವೆ ಗಾತ್ರದವು, ಕೊನೆಗೆ ಏನೂ ಇಲ್ಲ. ಬ್ಯಾಂಜೊ ತುದಿಗಳಲ್ಲಿ ಗುಳ್ಳೆ ಅಡಗಿ ಕೂರುತ್ತವೆ. ಸ್ಕ್ರೂಡ್ರೈವರ್ ಹಿಡಿಯಿಂದ ಪೈಪು, ಕ್ಯಾಲಿಪರ್ ಮೆಲ್ಲಗೆ ತಟ್ಟುತ್ತಿರಿ. ಮಾಸ್ಟರಿನ ಬ್ಯಾಂಜೊ ಡಬ್ಬಿಗಿಂತ ಮೇಲೇಳದಂತೆ ಹ್ಯಾಂಡಲ್ ತಿರುಗಿಸಿಟ್ಟುಕೊಳ್ಳಿ. ಕೊನೆಗೆ ನಿಪ್ಪಲನ್ನು 5ರಿಂದ 8 ನ್ಯೂಟನ್-ಮೀಟರಿಗೆ ಬಿಗಿ ಮಾಡಿ ಸಾಕು, ಅದು ಟೊಳ್ಳು, ಬೇಗ ಮುರಿಯುತ್ತದೆ.

ನಿಪ್ಪಲ್ ಕೆಳಗೆ ಬರುವ ಕ್ಯಾಲಿಪರನ್ನೇ ಅನಿವಾರ್ಯವಾಗಿ ಹಾಕಿದ್ದರೆ, ಬೋಲ್ಟ್ ಬಿಚ್ಚಿ ಕ್ಯಾಲಿಪರ್ ಕೆಳಗಿಳಿಸಿ, ಪ್ಯಾಡ್‌ಗಳ ನಡುವೆ ಡಿಸ್ಕಿನಷ್ಟೇ ದಪ್ಪದ ಗಟ್ಟಿ ತುಂಡು ಇಟ್ಟು, ನಿಪ್ಪಲ್ ಮೇಲೆ ಬರುವಂತೆ ಹಿಡಿದು ಬ್ಲೀಡ್ ಮಾಡಿ ಮತ್ತೆ ಕಟ್ಟಿ.

ಡಾಟ್ 4 ಗಾಳಿಯ ತೇವ ಹೀರುತ್ತದೆ. ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ತಡೆಯುವುದು, ನೀರು ಸೇರಿದ ಮೇಲೆ 155ಕ್ಕೆ ಕುದಿಯಬಹುದು. ಉಳಿದ ಬಾಟಲಿ ಮುಂದಿನ ವರ್ಷಕ್ಕೆ ಎತ್ತಿಡಬೇಡಿ. ಡಾಟ್ 5 ಎಂಬ ಸಿಲಿಕೋನ್ ಆಯಿಲನ್ನು ಇದರೊಂದಿಗೆ ಬೆರೆಸಬಾರದು; 5.1 ಬೇರೆ, ಅದು ಬೆರೆಯುತ್ತದೆ.

ರಸ್ತೆಗಿಳಿಯುವ ಮೊದಲು

ಲಿವರನ್ನು ಬಲವಾಗಿ ಒಂದು ನಿಮಿಷ ಹಿಡಿದಿಡಿ. ಕುಸಿಯಬಾರದು. ಎರಡೂ ಬ್ಯಾಂಜೊ, ನಿಪ್ಪಲ್ ಸುತ್ತ ಬಿಳಿ ಟಿಶ್ಯೂ ಕಾಗದ ಒತ್ತಿ ನೋಡಿ, ಒದ್ದೆಯಾಗಿದ್ದರೆ ವಾಷರ್ ಬದಲಿಸಿ. ಚಕ್ರ ಎತ್ತಿ ತಿರುಗಿಸಿದರೆ ಸಣ್ಣ ಉಜ್ಜುವ ಸದ್ದು ಬರಬಹುದು, ಆದರೆ ಒಂದೆರಡು ಸುತ್ತಾದರೂ ತಾನೇ ತಿರುಗಬೇಕು. ಬ್ರೇಕ್ ಲೈಟ್ ಹತ್ತುತ್ತದೆಯೇ, ಸಿಬಿಎಸ್ ಕೇಬಲಿನಲ್ಲಿ ಸಡಿಲು ಇದೆಯೇ ನೋಡಿ. ಬೋಲ್ಟಿನ ತಲೆಯಿಂದ ಬ್ರ್ಯಾಕೆಟ್ಟಿಗೆ ಪೇಂಟಿನಲ್ಲಿ ಒಂದು ಗೆರೆ ಎಳೆಯಿರಿ. ಸಡಿಲಾದರೆ ಗೆರೆ ಮುರಿದು ಕಾಣುತ್ತದೆ.

ಹೊಸ ಪ್ಯಾಡ್ ಮೊದಲ ದಿನ ಪೂರ್ತಿ ಹಿಡಿಯುವುದಿಲ್ಲ. ಬೆಳಗಿನ ಜಾವ ರಿಂಗ್ ರೋಡಿನ ಖಾಲಿ ತುಂಡಿನಲ್ಲಿ 40ರ ವೇಗದಿಂದ 10ಕ್ಕೆ ಇಳಿಸಿ, ನಿಲ್ಲಿಸದೆ ಮತ್ತೆ ವೇಗ ಹಿಡಿಯಿರಿ. ಹದಿನೈದಿಪ್ಪತ್ತು ಸಲ, ನಡುವೆ ಇನ್ನೂರು ಮುನ್ನೂರು ಮೀಟರ್ ಬಿಟ್ಟು. ಕೊನೆಗೆ ಬಿಸಿ ಡಿಸ್ಕಿನ ಮೇಲೆ ಬ್ರೇಕ್ ಒತ್ತಿಹಿಡಿದು ನಿಲ್ಲಬೇಡಿ, ಪ್ಯಾಡಿನ ಅಚ್ಚು ಡಿಸ್ಕಿಗೆ ಅಂಟಿ ಆಮೇಲೆ ಲಿವರ್ ನಡುಗುತ್ತದೆ. ಸೂಪರ್ ಮಾರ್ಕೆಟಿನ ಜನಸಂದಣಿ ಇದಕ್ಕೆ ಜಾಗವಲ್ಲ. 100 ಕಿ.ಮೀ. ಆದ ಮೇಲೆ ಎಲ್ಲ ಬೋಲ್ಟಿಗೂ ಮತ್ತೆ ಟಾರ್ಕ್ ರೆಂಚ್ ಇಟ್ಟು ನೋಡಿ.

ಏನಾದರೆ ಏಕೆ

ಲಿವರ್ ಮೆತ್ತಗಿದೆ, ಎರಡು ಸಲ ಬೇಗ ಬೇಗ ಒತ್ತಿದರೆ ಗಟ್ಟಿಯಾಗುತ್ತದೆ: ಏರ್ ಉಳಿದಿದೆ. ಎಷ್ಟು ಒತ್ತಿದರೂ ಮೆತ್ತಗೇ ಇದೆ, ಗುಳ್ಳೆಯೂ ಬರುತ್ತಿಲ್ಲ: ಇನ್ನೊಬ್ಬರಿಗೆ ಲಿವರ್ ಒತ್ತಲು ಹೇಳಿ ಡಿಸ್ಕಿನ ಹತ್ತಿರ ಕೂತು ನೋಡಿ. ಬ್ರ್ಯಾಕೆಟ್ ಬಾಗುವುದು, ಅಥವಾ ಕ್ಯಾಲಿಪರ್ ಓರೆಯಾಗಿ ಕೂತು ಡಿಸ್ಕನ್ನೇ ಒಂದು ಕಡೆ ತಳ್ಳುವುದು ಕಣ್ಣಿಗೇ ಕಾಣುತ್ತದೆ. ಲಿವರ್ ಹಿಡಿದಂತೆಯೇ ನಿಧಾನ ಕುಸಿಯುತ್ತದೆ, ಎಲ್ಲೂ ಸೋರಿಕೆ ಇಲ್ಲ: ಮಾಸ್ಟರಿನ ಒಳಗಿನ ರಬ್ಬರ್ ಕಪ್ ಸವೆದಿದೆ.

ಕಲಬುರಗಿಯ ಬೇಸಿಗೆಯಲ್ಲಿ ವಿಶೇಷವಾಗಿ ಕಾಡುವುದು ಬೇರೆ ಒಂದು. ಬೆಳಿಗ್ಗೆ ಸರಿಯಾಗಿದ್ದ ಗಾಡಿ ಮಧ್ಯಾಹ್ನ ಬಿಸಿಲಲ್ಲಿ ನಿಂತು ಹೊರಟಾಗ ಮುಂದಿನ ಚಕ್ರ ಹಿಡಿದುಕೊಂಡಿರುತ್ತದೆ. ಬಿಸಿಗೆ ಹಿಗ್ಗಿದ ಆಯಿಲ್ ಡಬ್ಬಿಗೆ ವಾಪಸು ಹೋಗಲು ಮಾಸ್ಟರಿನಲ್ಲಿ ಸೂಜಿಮೊನೆಯಂಥ ತೂತಿದೆ. ಡಬ್ಬಿಯನ್ನು ಕಂಠಮಟ್ಟ ತುಂಬಿದ್ದರೆ, ಅಥವಾ ಫ್ಯಾನ್ಸಿ ಲಿವರ್ ಹಾಕಿ ಅದು ಪಿಸ್ಟನ್ನನ್ನು ಸದಾ ಚೂರು ಒತ್ತಿಕೊಂಡೇ ಇದ್ದರೆ ಆ ದಾರಿ ಮುಚ್ಚುತ್ತದೆ. ಲಿವರ್ ಬಿಟ್ಟಾಗ ತುದಿಯಲ್ಲಿ ಒಂದೆರಡು ಮಿ.ಮೀ. ಖಾಲಿ ಆಟ ಇರಲೇಬೇಕು, ಆಯಿಲ್ ಮೇಲ್ಗೆರೆ ದಾಟಬಾರದು. ದಾರಿಯಲ್ಲಿ ಹೀಗೆ ಹಿಡಿದುಕೊಂಡರೆ ಬಟ್ಟೆ ಸುತ್ತಿ ನಿಪ್ಪಲನ್ನು ಕಾಲು ಸುತ್ತು ಬಿಚ್ಚಿ ಮುಚ್ಚಿ, ಒತ್ತಡ ಇಳಿದು ಚಕ್ರ ಬಿಡುತ್ತದೆ. ಮನೆಗೆ ನಿಧಾನ ಬಂದು ಕಾರಣ ಹುಡುಕಿ.

ಕೀರಲು ಸದ್ದು ಬಂದರೆ ಮೊದಲು ಧೂಳು ತೊಳೆಯಿರಿ, ಆಮೇಲೆ ಪ್ಯಾಡಿನ ಮುಂಚೂಣಿ ಅಂಚನ್ನು ಅರದಿಂದ ಸ್ವಲ್ಪ ಓರೆ ಮಾಡಿ. ಲಿವರ್ ತಾಳ ಹಾಕಿದಂತೆ ಮಿಡಿದರೆ ಡಿಸ್ಕ್ ಓಲಾಡುತ್ತಿದೆ; 0.3 ಮಿ.ಮೀ. ಮೀರಿದರೆ ಬದಲಿಸುವುದೇ ದಾರಿ. ಬ್ರೇಕ್ ಹಿಡಿದಾಗ ಹ್ಯಾಂಡಲಿನಲ್ಲಿ ಕಟಕ್ ಎಂದರೆ ಸ್ಟೀರಿಂಗ್ ಬೇರಿಂಗ್ ಸಡಿಲ. ಹಳೇ ಬ್ರೇಕಿನಲ್ಲಿ ಗೊತ್ತಾಗದೆ ಇದ್ದದ್ದು ಹೊಸ ಬ್ರೇಕಿನ ಬಲಕ್ಕೆ ಬಯಲಾಗಿರುತ್ತದೆ.

ಮಳೆಗಾಲದಲ್ಲಿ ಹೊಲದ ದಾರಿ ತುಳಿದು ಬಂದರೆ ಕ್ಯಾಲಿಪರ್ ಮತ್ತು ರಿಮ್ಮಿನ ನಡುವಿನ ಎರೆಮಣ್ಣನ್ನು ಒಣಗುವ ಮೊದಲೇ ನೀರು ಹಾಕಿ ತೆಗೆಯಿರಿ, ಅಲ್ಲಿರುವ ಜಾಗವೇ 3 ಮಿ.ಮೀ. ಸಿಮೆಂಟ್ ಧೂಳಿನ ರಸ್ತೆಯಲ್ಲಿ ದಿನಾ ಓಡುವವರು ಪ್ಯಾಡ್ ಬದಲಿಸುವಾಗ ಪಿಸ್ಟನ್ನಿನ ಹೊರಚಾಚಿದ ಭಾಗವನ್ನು ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಸುತ್ತಲೂ ಒರೆಸಿದ ಮೇಲಷ್ಟೇ ಹಿಂದೆ ತಳ್ಳಬೇಕು; ಹಾಗೇ ತಳ್ಳಿದರೆ ಗಟ್ಟಿಯಾದ ಸಿಮೆಂಟ್ ಸೀಲನ್ನು ಕೊರೆಯುತ್ತದೆ. ಬ್ರ್ಯಾಕೆಟ್ಟನ್ನು ವರ್ಷಕ್ಕೊಮ್ಮೆ ಬಿಚ್ಚಿ, ತೊಳೆದು, ತೂತುಗಳ ಸುತ್ತ ಮತ್ತು ಒಳಮೂಲೆಗಳಲ್ಲಿ ಕೂದಲೆಳೆಯ ಬಿರುಕಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ಆಯಿಲ್ ಎರಡು ವರ್ಷಕ್ಕೊಮ್ಮೆ. ಬಿಚ್ಚಿದ ಕಂಪನಿ ಕ್ಯಾಲಿಪರನ್ನು ಅದರ ಬೋಲ್ಟುಗಳ ಸಮೇತ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಬ್ಯಾಂಜೊ ತೂತು ಮುಚ್ಚಿ ಎತ್ತಿಡಿ. ಗಾಡಿ ಮಾರುವಾಗ ಅದನ್ನೇ ಮತ್ತೆ ಹಾಕಿ ಕೊಡಬೇಕು.